ಎಲ್ಜಿಯ ಬೆಂಕಿ ಕಾದ ಫ್ಯಾನು

ಅಂಥದ್ದೊಂದು ಫ್ಯಾನು ಇದೆಯೆಂದು ಲುವೀನಿಯಾ ಮೊದಲು ಕೇಳಿದ್ದು ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ, ಮಗಳು ಚಾರ್ಲ್‌ಸೆಟಾಳ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಅವಳ ಗಂಡ ಎಲ್ಜಿ ಆಕ್ಸಿಜನ್ ಸಿಲಿಂಡರನ್ನು ಹಟಮಾರಿ ಮೊಮ್ಮಗುವಿನ ಹಾಗೆ ಮೊಣಕಾಲುಗಳ ನಡುವೆ ಇರುಕಿಕೊಂಡು ಕೂತಿದ್ದ. ಮರದ ಮಿಲ್ಲಿನ ಪುಡಿ ಅವನ ಎದೆಯನ್ನು ಅರ್ಧ ತಿಂದಿತ್ತು, ಹೊಗೆ ಮಿಕ್ಕರ್ಧ. ಇನ್ನು ಮೇಲೆ ಬೆಂಕಿಯ ಹತ್ತಿರ ಸುಳಿಯಲೇಕೂಡದು ಎಂದಿದ್ದರು ಡಾಕ್ಟರು.

"ಅಪ್ಪಾ, ಈಗ ಒಂದು ಸಣ್ಣ ಫ್ಯಾನ್ ಬಂದಿದೆ" ಎಂದಳು ಚಾರ್ಲ್‌ಸೆಟಾ. "ನೀನು ಮಾಂಸ ಬೇಯಿಸೋ ಡ್ರಮ್ಮಿದೆಯಲ್ಲ, ಅದರ ಕೆಳಗಿನ ಗಾಳಿಕಿಂಡಿಗೆ ಸಿಕ್ಕಿಸೋದು. ಮಾಂಸದ ಪಕ್ಕ ಕಾವು ಅಳೆಯೋ ಒಂದು ಸೂಜಿ ಇಟ್ರಾಯ್ತು. ಕಾವು ಇಳಿದ್ರೆ ಫ್ಯಾನು ತಾನೇ ಇದ್ದಿಲಿಗೆ ಊದತ್ತೆ, ಏರಿದ್ರೆ ತಾನೇ ಸುಮ್ನಾಗತ್ತೆ. ನೀನು ಆರಾಮಾಗಿ ಮಲಗಿರ್ಬಹುದು."

"ಮಲಗಿರೋ ಹಾಗಿದ್ರೆ ಮಾಂಸ ಯಾಕೆ ಬೇಯಿಸ್ಬೇಕು?" ಎಂದ ಎಲ್ಜಿ.

ಲುವೀನಿಯಾ ಅವನ ಮಾತಿಗೆ ಕಿವಿಗೊಡಲಿಲ್ಲ. ಗಂಡ ಇನ್ನಷ್ಟು ದಿನ ಉಸಿರಾಡಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. "ತಂದ್ಬಿಡೇ ಮಗಳೇ" ಎಂದಳು.

ಪೂರ್ವ ಟೆಕ್ಸಸ್ಸಿನ ಪೈನ್ ಮರಗಳ ನಡುವಿನ ಸ್ವೀಟ್‌ಗಮ್ ಎಂಬ ಊರಿನಲ್ಲಿ ಎಲ್ಜಿ ಟೇಟಮ್‌ನ ಮಾಂಸವಿಲ್ಲದೆ ಯಾರ ಮದುವೆಯೂ ಆಗಿರಲಿಲ್ಲ, ಯಾರ ಮಣ್ಣೂ ಆಗಿರಲಿಲ್ಲ. ಹಳೇ ಎಣ್ಣೆ ಪೀಪಾಯಿಯನ್ನು ತಾನೇ ಕೊಯ್ದು ಮಾಡಿಕೊಂಡ ಡ್ರಮ್ಮು ಅವನದು. ದನದ ಎದೆಮಾಂಸ ಬೇಯಲು ಒಂದು ಇಡೀ ಇರುಳು ಬೇಕು. ಕಾವು ಸಣ್ಣಗಿರಬೇಕು, ಸತ್ತೂ ಹೋಗಬಾರದು. ನಡುನಡುವೆ ಮುಚ್ಚಳ ತೆಗೆದು, ವಿನೆಗರಿನಲ್ಲಿ ಮೆಣಸು ಕಲಸಿದ ನೀರನ್ನು ಹತ್ತಿಯ ಕುಂಚದಿಂದ ಮಾಂಸಕ್ಕೆ ಸವರಬೇಕು. ಅವನ ಅಪ್ಪ ಸವರಿದ್ದ, ಅಜ್ಜ ಸವರಿದ್ದ. ಸವರದ ಮಾಂಸವನ್ನು ಎಲ್ಜಿ ಮಾಂಸವೆಂದೇ ಕರೆಯುತ್ತಿರಲಿಲ್ಲ.

ಹಿಂದೆ ಊರಲ್ಲಿ ಯಾರಾದರೂ ಸತ್ತರೆ ಹೆಣವನ್ನು ಮನೆಯಲ್ಲಿಟ್ಟುಕೊಂಡು ಬೆಳಗಿನವರೆಗೆ ಕಾಯುತ್ತಿದ್ದರು. ಆಮೇಲೆ ಪಟ್ಟಣದಿಂದ ಗಾಡಿ ಬಂದು ಹೆಣವನ್ನು ಒಯ್ಯುವುದು ಶುರುವಾಯಿತು. ಕಾಯಲು ಏನೂ ಉಳಿಯಲಿಲ್ಲ. ಆದರೆ ಮಣ್ಣು ಮಾಡಿದ ಮೇಲಿನ ಊಟಕ್ಕೆ ಮಾಂಸ ಬೇಯಲೇಬೇಕಲ್ಲ! ಗಂಡಸರು ಕುರ್ಚಿ ಎಳೆದುಕೊಂಡು ಎಲ್ಜಿಯ ಡ್ರಮ್ಮಿನ ಸುತ್ತ ಕೂರತೊಡಗಿದರು. ಅದು ಜಾಗರಣೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಲ್ಲಿ ಅತ್ತವರು ಹೊಗೆ ಕಣ್ಣಿಗೆ ಹೋಯಿತು ಎನ್ನುತ್ತಿದ್ದರು. ಉಳಿದವರು ಹೌದೌದು, ಗಾಳಿ ಈ ಕಡೆ ತಿರುಗಿದೆ ಎನ್ನುತ್ತಿದ್ದರು.

ಲುವೀನಿಯಾ, ಎಲ್ಜಿಯರ ಸ್ವಂತ ಮಗ ಲೆಮುಯೆಲ್ ದಿಮ್ಮಿ ಲಾರಿಯ ಅಡಿ ಸಿಕ್ಕಿ ಸತ್ತಾಗಲೂ ಮಾಂಸ ಬೇಯಿಸಿದವನು ಎಲ್ಜಿಯೇ. ಬೇರೆಯವರು ಮಾಡುತ್ತೇವೆಂದರೂ ಬಿಡಲಿಲ್ಲ. ಆ ಸಲ ಅಡುಗೆಮನೆ ಕಿಟಕಿಯಲ್ಲಿ ನಿಂತು ಅವಳು ನೋಡಿದ್ದಳು: ಚರ್ಚಿನ ಹಿರಿಯ, ಡೀಕನ್ ಒಥೆಲ್ ಒಂದು ಕೈಯಲ್ಲಿ ಕುಂಚ ಹಿಡಿದು ಮಾಂಸಕ್ಕೆ ಸವರುತ್ತಿದ್ದ, ಇನ್ನೊಂದು ಕೈ ಎಲ್ಜಿಯ ಬೆನ್ನ ಮೇಲಿತ್ತು. ಹೆಂಗಸರು ಡ್ರಮ್ಮಿನ ಹತ್ತಿರ ಕೂರುವ ರೂಢಿ ಇರಲಿಲ್ಲ. ಅವಳು ಕಿಟಕಿಯಲ್ಲೇ ನಿಂತಳು, ಒಣಗಿದ ಕಣ್ಣಲ್ಲಿ. ಬೆಳಕು ಹರಿದ ಮೇಲೆ ಆಲೂಗೆಡ್ಡೆ ಸುಲಿಯಲು ಕೂತಳು.

ಫ್ಯಾನು ಬಂತು. ಮುಷ್ಟಿಯಷ್ಟು ದಪ್ಪ, ಕರೀ ಬಣ್ಣ. ಮೊದಲ ಸಲ ಹಾಕಿದ್ದು ಮುದುಕಿ ಅರ್ಡೆಲ್ಲಾಳ ಮಣ್ಣಿನ ಊಟಕ್ಕೆ. ಸಂಜೆ ಒಥೆಲ್ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನು ಬಗ್ಗಿ ನೋಡಿದ.

"ಏನ್ ಬ್ರದರ್ ಎಲ್ಜಿ, ಮಾಂಸಕ್ಕೆ ಆಯಾ ಇಟ್ಟಿದೀಯಂತೆ?"

"ಹೂಂ ಕಣಯ್ಯಾ. ನಿನ್ನ ಹಾಗೆ ಗೊರಕೆ ಹೊಡಿಯಲ್ಲ, ಅರ್ಧ ಬೆಂದ ಮಾಂಸ ಕದ್ದು ತಿನ್ನಲ್ಲ."

"ಕದ್ದು ತಿಂದಿದ್ದು ನಾನಲ್ಲ, ನಿನ್ನ ನಾಯಿ!"

"ನಾಯಿ ಸತ್ತ ಮೇಲೂ ಕಳ್ಳತನ ಕಮ್ಮಿ ಆಗಿಲ್ವಲ್ಲಯ್ಯಾ!"

ನಕ್ಕರು. ಎಲ್ಜಿಯ ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಒಥೆಲ್ ಕಾದ. ಬಂದಿದ್ದ ಉಳಿದ ಗಂಡಸರೂ ಸುತ್ತ ನೆರೆದು ಬಗ್ಗಿ ನೋಡಿದರು. ಫ್ಯಾನು ತನ್ನಷ್ಟಕ್ಕೆ ಗುಂಯ್ ಎಂದಿತು, ನಿಂತಿತು. "ಇನ್ನು ಕಾಯೋದೇನಿದೆ? ಮಲಕ್ಕೊ ಬ್ರದರ್" ಎಂದು ಒಬ್ಬೊಬ್ಬರಾಗಿ ಮನೆಗೆ ಹೋದರು.

ಮಾಂಸ ಚೆನ್ನಾಗಿಯೇ ಬೆಂದಿತ್ತು. ಸವರಿರಲಿಲ್ಲವೆಂದು ಯಾರಿಗೂ ಗೊತ್ತಾಗಲಿಲ್ಲ. ಲುವೀನಿಯಾಗೆ ಸಮಾಧಾನ, ಆ ಇರುಳೆಲ್ಲ ಗಂಡ ಪಕ್ಕದಲ್ಲೇ ಮಲಗಿದ್ದ. ಆದರೆ ಅವನು ನಿದ್ದೆ ಮಾಡುತ್ತಿರಲಿಲ್ಲ. "ಈಗ ಊದ್ತಿದೆ... ಈಗ ನಿಂತಿತು" ಎಂದು ಕತ್ತಲಿಗೆ ಹೇಳುತ್ತಿದ್ದ. ಒಮ್ಮೆ, "ನಿನ್ನ ಮಗಳಿಗೆ ಹೇಳೇ, ನನ್ನ ಎದೆಗೂ ಒಂದು ಸಿಕ್ಕಿಸ್ಲಿ" ಎಂದ. ಅವಳಿಗೆ ನಗು ಬರಲಿಲ್ಲ.

ಮುಂದಿನ ಸಾವಿಗೆ ಡ್ರಮ್ಮಿನ ಹತ್ತಿರ ಇಬ್ಬರೇ ಬಂದರು. ಅದರ ಮುಂದಿನದಕ್ಕೆ ಯಾರೂ ಬರಲಿಲ್ಲ. ಕುರ್ಚಿಗಳು ಒಂದರ ಮೇಲೊಂದು ಕೂತು ಗೋಡೆಗೆ ಒರಗಿದವು. ಜೇಡ ಬಲೆ ಕಟ್ಟಿತು. ಲುವೀನಿಯಾ ಅದನ್ನು ನೋಡಿದಳು. ನೋಡಿ, ಪೊರಕೆ ತಂದು ಬಲೆ ಹೊಡೆದಳೇ ಹೊರತು ಕುರ್ಚಿಗಳನ್ನು ಇಳಿಸಲಿಲ್ಲ.

ಆಗಸ್ಟಿನಲ್ಲಿ, ಊರು ಬಿಟ್ಟವರೆಲ್ಲ ತಮ್ಮ ಚರ್ಚಿಗೆ ಮರಳುವ ಭಾನುವಾರ. ಅವರ ಊಟಕ್ಕೆಂದು ಹಿಂದಿನ ಸಂಜೆಯೇ ಡ್ರಮ್ಮಿಗೆ ಮಾಂಸವಿಟ್ಟು ಫ್ಯಾನು ಹಾಕಿದ್ದರು. ಬೆಳಕು ಹರಿಯುವ ಹೊತ್ತಿಗೆ ಅವಳಿಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಆಕ್ಸಿಜನ್ ನಳಿಕೆ ಮಂಚದ ಕಾಲಿಗೆ ನೇತಾಡುತ್ತ ಸುಯ್ ಎನ್ನುತ್ತಿತ್ತು. ಬರಿಗಾಲಲ್ಲಿ ಓಡಿದಳು.

ಎಲ್ಜಿ ಬಕೆಟ್ಟು ಬೋರಲು ಹಾಕಿ ಕೂತಿದ್ದ. ಕೈಯಲ್ಲಿ ಕುಂಚ. ಡ್ರಮ್ಮಿನ ಮುಚ್ಚಳ ಹುಲ್ಲಿನ ಮೇಲೆ ಬಿದ್ದಿತ್ತು. ಎತ್ತಿಡುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ತಂಗಾಳಿ ತಾಗಿದ ಸೂಜಿ ಬೆಂಕಿ ಸತ್ತಿತೆಂದೇ ಬಗೆದಿತ್ತು. ಫ್ಯಾನು ನಿಲ್ಲದೆ ಊದುತ್ತಿತ್ತು. ಇದ್ದಿಲು ಕೆಂಡವಾಗಿ, ತೊಟ್ಟಿಕ್ಕಿದ ಕೊಬ್ಬಿಗೆ ಜ್ವಾಲೆ ಹತ್ತಿ, ಮಾಂಸದ ಅಡಿಭಾಗವೆಲ್ಲ ಉರಿಯುತ್ತಿತ್ತು.

"ಸವರದೆ ಇದ್ರೆ... ಒಣಗತ್ತೆ ಕಣೇ" ಎಂದ.

ಅವಳು ಫ್ಯಾನಿನ ತಂತಿ ಕಿತ್ತೆಸೆದಳು, ನೈಟಿಯ ಅಂಚಿನಿಂದಲೇ ಮುಚ್ಚಳ ಹಿಡಿದು ಮುಚ್ಚಿದಳು. "ಸಾಯ್ಬೇಕು ಅಂತಿದೀಯಾ ಮುದುಕಾ?"

"ಮಾಂಸ ನೋಡ್ಬೇಕು ಅಂತಿದ್ದೆ" ಎಂದನವನು.

ಚರ್ಚಿನ ಊಟದಲ್ಲಿ ಜನ ಕರಕಲು ಕೆರೆದುಕೊಂಡು ತಲೆತಗ್ಗಿಸಿ ತಿಂದರು. "ನನಗೆ ಕರೀ ತೊಗಟೆನೇ ಇಷ್ಟ ಬ್ರದರ್" ಎಂದ ಒಥೆಲ್. ಎಲ್ಜಿ ತನ್ನ ತಟ್ಟೆಯ ಕರಕಲನ್ನೇ ಕೆರೆದ. ಒಥೆಲನಿಗೆ ಅವನು ಎದುರುತ್ತರ ಕೊಡದ್ದನ್ನು ಲುವೀನಿಯಾ ಕಂಡದ್ದು ಅದೇ ಮೊದಲು. ಮನೆಗೆ ಬಂದ ಮೇಲೆ ಚಾರ್ಲ್‌ಸೆಟಾ ಫ್ಯಾನನ್ನು ಬೈದಾಗ ಮಾತ್ರ ಅವನು ಬಾಯಿ ತೆರೆದ. "ಅದನ್ನ ಬೈಬೇಡ. ಅದರ ಕೆಲಸ ಅದು ಮಾಡ್ತು. ಸವರೋಕೆ ಮನುಷ್ಯ ಬರ್ತಾನೆ ಅಂತ ಅದಕ್ಕೇನು ಗೊತ್ತು?"

ಆಮೇಲೆ ಅವನು ಅಂಗಳಕ್ಕೆ ಇಳಿಯಲಿಲ್ಲ. ಚಳಿ ಶುರುವಾಗಿ ಪೆಕಾನ್ ಮರದ ಕಾಯಿ ಉದುರುವ ಹೊತ್ತಿಗೆ ಮಂಚವೂ ಅವನಿಗೆ ದೊಡ್ಡದಾಯಿತು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಚಾರ್ಲ್‌ಸೆಟಾ ದನಿ ತಗ್ಗಿಸಿ ಹೇಳಿದಳು: "ಅಮ್ಮಾ, ಆ ದಿನ ಬಂದ್ರೆ ನೀನೇನೂ ತಲೆ ಕೆಡಿಸ್ಕೋಬೇಡ. ಮುಚ್ಚಳ ತೆಗೆಯೋರು ಯಾರೂ ಇರಲ್ಲ. ಫ್ಯಾನ್ ಹಾಕಿ ಮಲಗಿದ್ರೆ ಬೆಳಗ್ಗೆಗೆ ಬೆಂದಿರತ್ತೆ."

"ಹೂಂ" ಎಂದಳು ಲುವೀನಿಯಾ. ಅವಳಿಗೆ ತಲೆ ಕೆಡಿಸಿಕೊಳ್ಳುವಷ್ಟು ತಲೆಯೇ ಉಳಿದಿರಲಿಲ್ಲ.

ತೆಳು ಗೋಡೆಯ ಮನೆ. ಮಗಳು ಹೋದ ಮೇಲೆ ಕೋಣೆಯಿಂದ ಕರೆ ಬಂತು.

"ಲೂವೀ."

"ನೀರು ಬೇಕಾ?"

"ಬೇಡ. ಬಾ ಇಲ್ಲಿ." ಅವಳು ಮಂಚದ ಅಂಚಿಗೆ ಕೂತಳು. ಒಂದೊಂದು ಮಾತಿಗೂ ಅವನು ಉಸಿರು ಹುಡುಕಿ ತರಬೇಕಾಗಿತ್ತು. "ನನ್ನ ಮಣ್ಣಿನ ಊಟದ ಮಾಂಸಕ್ಕೆ... ಆ ಫ್ಯಾನ್ ಸಿಕ್ಕಿಸ್ಬೇಡಿ."

"ಈಗ್ಯಾಕಪ್ಪಾ ಆ ಮಾತು?"

"ಮತ್ಯಾವಾಗ? ಪೆಟ್ಟಿಗೆ ಒಳಗಿಂದ ಕೂಗ್ಲಾ?" ಸ್ವಲ್ಪ ನಕ್ಕ. "ಕುರ್ಚಿ ಇಳ್ಸು. ಒಥೆಲ್‌ಗೆ ಹೇಳು. ಎಲ್ರೂ ಬರ್ಲಿ, ಕೂತ್ಕೊಳ್ಲಿ."

"ಹೇಳ್ತೀನಿ."

"ಇನ್ನೊಂದು." ಅವಳ ಮಣಿಕಟ್ಟನ್ನು ಹಿಡಿದ; ಹಿಡಿತದಲ್ಲಿ ಹಕ್ಕಿಯ ಕಾಲಿನಷ್ಟೂ ಬಲವಿರಲಿಲ್ಲ. "ಲೆಮುಯೆಲ್‌ಗೆ ನಿಂತ ಹಾಗೆ ಕಿಟಕೀಲಿ ನಿಲ್ಬೇಡ. ನೀನೂ ಹೊರಗೆ ಬಾ. ಕುಂಚ ನೀನೇ ಹಿಡ್ಕೊ, ಡ್ರಮ್ಮಿನ ಹತ್ರಾನೇ ಕೂತ್ಕೊ... ಹೊಗೆ ಕಣ್ಣಿಗೆ ಹೋದ್ರೆ ಹೋಗ್ಲಿ ಕಣೇ."