ತೊಂಬತ್ತೊಂದು ಮಣಿಗಳು ಮತ್ತು ಮುಖ್ಯ ಅತಿಥಿ

ಶಾಲು, ಹಾರ, ಮೈಸೂರು ಪೇಟ. ಈ ಮೂರನ್ನೂ ಒಟ್ಟಿಗೆ ಹಾಕಿಸಿಕೊಂಡ ಮನುಷ್ಯನ ತಲೆ ಓಡುವುದಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ.

ಹೋದ ವಾರ ಚನ್ನಪಟ್ಟಣದ ಶಾಲೆಯೊಂದರಲ್ಲಿ ಗಣಿತ ಮೇಳ. ಮುಖ್ಯ ಅತಿಥಿ ನಾನು. (ಅಂಕಣ ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ.)

ಏಳನೇ ಕ್ಲಾಸಿನ ಶಾಜಿಯಾ ಮರದ ಮಣಿಗಳನ್ನು ಹರಡಿಕೊಂಡು ಕೂತಿದ್ದಳು. ಅಪ್ಪ ಬೊಂಬೆ ಮಾಡುವವರು. ಬಣ್ಣ ಸರಿಯಾಗಿ ಕೂರದ ಮಣಿಗಳೆಲ್ಲ ಇವಳ ಪಾಲು. ಮಣಿಗಳನ್ನು ಸಮನಾದ ಸಾಲುಗಳಲ್ಲಿ ಜೋಡಿಸಲು ಬಂದರೆ ಆ ಸಂಖ್ಯೆ ವಿಭಾಜ್ಯ. ಒಂದೇ ಉದ್ದ ಸಾಲು ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ಅವಿಭಾಜ್ಯ, ಅಂದರೆ ಪ್ರೈಮ್. ಎಷ್ಟು ಚೆಂದದ ಪರೀಕ್ಷೆ, ಅಲ್ಲವೇ?

ಅವಳ ಚಾರ್ಟಿನಲ್ಲಿ 91 ವಿಭಾಜ್ಯದ ಕಡೆ ಇತ್ತು. ಮನಸ್ಸಿನಲ್ಲೇ ಎರಡು, ಮೂರು, ಐದರಿಂದ ಭಾಗಿಸಿದೆ. ಹೋಗಲಿಲ್ಲ. "ಇದು ಪ್ರೈಮ್ ಕಣಮ್ಮ, ತಪ್ಪು ಬರೆದಿದ್ದೀಯ" ಎಂದೆ. ಅದೂ ಮೈಕಿನಲ್ಲಿ!

"ಜೋಡ್ಸಿ ತೋರಿಸ್ಲಾ ಸಾರ್? ಒಸಿ ಹೊತ್ತು, ಅಷ್ಟೇಯ."

"ಬೇಡ ಬಿಡಮ್ಮ." ಊಟಕ್ಕೆ ಹೊತ್ತಾಗಿತ್ತು. ಬಹುಮಾನ ಪಕ್ಕದ ಟೇಬಲ್ಲಿಗೆ ಹೋಯಿತು.

ರಾಮನಗರದ ಬಸ್ಸಿನಲ್ಲಿ ಆ ಮಗುವಿನ ಮುಖ ಬಿಡಲಿಲ್ಲ. ಸುಮ್ಮನೆ ಹದಿಮೂರರ ಮಗ್ಗಿ ಹೇಳಿಕೊಂಡೆ. ಹದಿಮೂರು ಏಳ್ಲ... ತೊಂಬತ್ತೊಂದು. ಅಯ್ಯೋ! ಹತ್ತು ಹತ್ತ್ಲ ನೂರು. ನೂರರೊಳಗಿನ ಸಂಖ್ಯೆ ಭಾಗವಾಗುವುದಾದರೆ ಹತ್ತಕ್ಕಿಂತ ಚಿಕ್ಕದೊಂದರಿಂದ ಭಾಗವಾಗಲೇಬೇಕು. ಹಾಗಾಗಿ ಎರಡು, ಮೂರು, ಐದು, ಏಳು, ಇಷ್ಟರಿಂದ ಭಾಗಿಸಿ ನೋಡಿದರೆ ಮುಗಿಯಿತು. ನಾನು ಐದಕ್ಕೇ ನಿಲ್ಲಿಸಿ ತೀರ್ಪು ಕೊಟ್ಟಿದ್ದೆ. ನಾಚಿಕೆಯಿಂದ ಮೈ ಹಿಡಿಯಾಯಿತು.

ಮಾರನೆಯ ದಿನವೇ ಮತ್ತೆ ಶಾಲೆಗೆ ಹೋದೆ. ಶಾಜಿಯಾ ಓಡಿ ಬಂದು ಚಾರ್ಟ್ ತೋರಿಸಿದಳು. "ನೀವು ಹೇಳ್ದಂಗೇ ತಿದ್ದ್‌ಬುಟ್ಟೆ ಸಾರ್!" 91 ಈಗ ಪ್ರೈಮ್ ಸಾಲಿನಲ್ಲಿತ್ತು.

"ಜೋಡಿಸಿ ನೋಡಿರಲಿಲ್ಲವೇನಮ್ಮ?"

"ನೋಡಿದ್ದೆ ಸಾರ್. ಏಳು ಸಾಲು ಸರ್ಯಾಗೇ ಬಂದಿತ್ತು. ನೀವು ಅಲ್ಲ ಅಂದ್ರಲ್ಲ, ನಾನೇ ಮಣಿ ತಪ್ಪಾಗಿ ಎಣ್ಸಿದ್ದೀನೇನೋ ಅನ್ಕಂಡೆ."

ಎಲ್ಲಿ ಮುಖ ಮುಚ್ಚಿಕೊಳ್ಳಲಿ? ಗಣಿತದ ಮೇಷ್ಟ್ರು ಮತ್ತು ಇಡೀ ಕ್ಲಾಸಿನ ಮುಂದೆ ಮಣಿ ಜೋಡಿಸಲು ಅವಳಿಗೇ ಹೇಳಿದೆ. ಏಳು ಸಾಲು, ಸಾಲಿಗೆ ಹದಿಮೂರು. "ತಪ್ಪು ನನ್ನದು, ನೀನೇ ಸರಿ" ಎಂದೆ.

ಅವಳು ಮಣಿಗಳನ್ನು ನೋಡಲಿಲ್ಲ. ಈ ಮಾತನ್ನಾದರೂ ನಂಬಬಹುದೇ ಎಂಬಂತೆ ಮೇಷ್ಟ್ರ ಮುಖ ನೋಡಿದಳು.

ಕಣ್ಣೆದುರಿನ ಮಣಿಗಿಂತ ಪೇಟದ ಮಾತೇ ದೊಡ್ಡದು ಎಂದು ಆ ಮಗುವಿಗೆ ಕಲಿಸಿದವನು ನಾನೇ ತಾನೆ?