ಪೆಡಲ್ ಒತ್ತುವವರು ಯಾರೂ ಇರಲಿಲ್ಲ

ಕಾರ್ತಿಕದ ಕೊನೆಯ ಭಾನುವಾರ ಮಧ್ಯಾಹ್ನ, ಬಾಗಲೂರಿನ ನಮ್ಮ ಮನೆ ಮುಂದೆ, ನನ್ನ ಹಳೆಯ ಕಾರು ನಿಧಾನವಾಗಿ ಹೋಗಿ ರಾಗಿ ಹುಲ್ಲಿನ ಮೆದೆಗೆ ನುಗ್ಗಿತು. ಸ್ಟೀರಿಂಗ್ ಹಿಡಿದಿದ್ದವನು ನಾನೇ. ಬ್ರೇಕ್ ಪ್ಯಾಡುಗಳು ಹೊಸವು, ಆಗಷ್ಟೇ ಹಾಕಿದ್ದೆವು.

ಮಾರನೆಯ ದಿನ ನಾಟ್ರಾಂಪಾಳ್ಯದಲ್ಲಿ ದೊಡ್ಡಮ್ಮನ ಮೊಮ್ಮಗುವಿಗೆ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಅಮ್ಮನನ್ನೇ ಕರೆದಿದ್ದರು. ಮಂಡಿನೋವು ಇರುವವಳು ಬಸ್ಸು ಬದಲಿಸಿಕೊಂಡು ಹೋಗುವ ಹಾಗಿರಲಿಲ್ಲ. ನಡುವೆ ಅಂಚೆಟ್ಟಿಗೆ ಇಳಿಯುವ ಕಾಡಿನ ದಾರಿಯೋ ಬರೀ ತಿರುವು. ನನ್ನ ಕಾರಿನ ಬ್ರೇಕು ಒತ್ತಿದಾಗಲೆಲ್ಲ ತಗಡು ಕೆರೆದ ಸದ್ದು ಬರುತ್ತಿತ್ತು.

"ಅದು ಸರಿಯಾಗೋಗಂಟ ನಾನು ಅದ್ರಾಗೆ ಕೂರಕ್ಕಿಲ್ಲ" ಎಂದು ಅಮ್ಮ ಖಂಡಿತವಾಗಿ ಹೇಳಿದ್ದಳು. ನಮ್ಮ ಮೆಕ್ಯಾನಿಕ್ ಮಾಲೆ ಹಾಕಿ ಶಬರಿಮಲೆಗೆ ಹೋಗಿದ್ದ.

ಹಳೇ ಕಾರಿನವರ ವಾಟ್ಸಾಪ್ ಗುಂಪಿನಲ್ಲಿ ಕೇಳಿಕೊಂಡೆ. ಹೊಸೂರಿನಿಂದ ಮೂವರು ಬಂದರು. ಮೂವರಿಗೂ ಹಳೇ ಕಾರಿನ ಹುಚ್ಚು. ಮೂವರೂ ಒಂದೇ ಕಾರ್ಖಾನೆಯವರು. ಒಬ್ಬರು ಗಾಡಿ ಜೋಡಿಸುವ ಲೈನಿನಲ್ಲಿ ಎಡ ಚಕ್ರ ಕೂರಿಸುವವರು, ಒಬ್ಬರು ಬಲ ಚಕ್ರ ಕೂರಿಸುವವರು. ಮೂರನೆಯವರು ತಪಾಸಣೆಯವರು.

ಎಡದವರು ಜಾಕ್ ಕೊಟ್ಟು ಚಕ್ರ ಬಿಚ್ಚಿದರು. ಪ್ಯಾಡುಗಳನ್ನು ಹಿಡಿದುಕೊಳ್ಳುವ ಕ್ಯಾಲಿಪರನ್ನು ಮೇಲೆತ್ತಿ ನನ್ನಿಂದ ಹಳೆಯ ಪ್ಯಾಡು ತೆಗೆಸಿದರು. ಕ್ಯಾಲಿಪರಿನೊಳಗೆ ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಕ್ಲ್ಯಾಂಪಿನಿಂದ ಹಿಂದಕ್ಕೆ ಒತ್ತಿಸಿ, ಹೊಸ ಪ್ಯಾಡನ್ನು ನನ್ನ ಕೈಯಲ್ಲೇ ಕೂರಿಸಿದರು. ಚೆನ್ನಾಗಿ ಕಲಿಸಿದರು. ಆಮೇಲೆ ಕೈ ಒರೆಸಿಕೊಂಡು ಜಗಲಿ ಮೇಲೆ ಕೂತುಬಿಟ್ಟರು.

"ಆ ಕಡೆದು?" ಎಂದೆ.

"ಅದು ನಂದಲ್ಲ ಅಣ್ಣಾ. ಅವ್ನ ಕೆಲ್ಸಕ್ಕೆ ನಾನು ಕೈ ಹಾಕುದ್ರೆ ಬೇಜಾರಾಗ್ತಾನೆ."

ಬಲದವರು ಎದ್ದು ಬಂದು ಎಲ್ಲವನ್ನೂ ಮೊದಲಿನಿಂದ ಕಲಿಸಿದರು. ಎಡದವರು ಕ್ಯಾಲಿಪರಿನ ಮೇಲಿನ ಬೋಲ್ಟು ಮೊದಲು ಬಿಚ್ಚಬೇಕು ಎಂದಿದ್ದರು. ಇವರು ಕೆಳಗಿನದು ಎಂದರು. ಈ ವಿಷಯದಲ್ಲಿ ಇಬ್ಬರಿಗೂ ಸ್ವಲ್ಪ ಮಾತಾಯಿತು.

"ನಿನ್ ಗಾಡಿ ಎಡಕ್ಕೇ ಎಳೀತದೆ ಕಣ್ಲಾ, ಅದ್ಕೇ ಹಿಂಗ್ ಮಾತಾಡ್ತೀಯ" ಎಂದರು ಬಲದವರು.

"ಎಳದ್ರೂ ನಿಲ್ತದೆ. ನಿಂದು ತಳ್ಳುದ್ರೇನೇ ಓಡೋದು!" ಎಂದರು ಜಗಲಿಯಿಂದ ಎಡದವರು.

ತಪಾಸಣೆಯವರು ಅಷ್ಟು ಹೊತ್ತೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಕೊನೆಗೆ ಬಗ್ಗಿ ಎರಡೂ ಚಕ್ರ ನೋಡಿ, ನಟ್ಟುಗಳ ಮೇಲೆ ಸೀಮೆಸುಣ್ಣದ ಗೆರೆ ಎಳೆದು "ಪಾಸ್" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಬಾಗಿಲಿಗೆ ಬಂದಳು.

ನಾನು ಕಾರು ಹೊರಡಿಸಿ ಬ್ರೇಕ್ ಒತ್ತಿದೆ. ಪೆಡಲ್ ನೆಲ ಮುಟ್ಟಿತು, ಕಾರು ನಿಲ್ಲಲಿಲ್ಲ. ಮೆದೆ ನಿಲ್ಲಿಸಿತು.

ಹುಲ್ಲು ಸರಿಸಿ ನನ್ನನ್ನು ಇಳಿಸಿದ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಪ್ಯಾಡು ಹಾಕಿದ ಮೇಲೆ, ಕಾರು ಕದಲಿಸುವ ಮುಂಚೆ, ಪೆಡಲನ್ನು ಗಟ್ಟಿಯಾಗುವ ತನಕ ಮತ್ತೆ ಮತ್ತೆ ಒತ್ತಬೇಕು. ಹಿಂದಕ್ಕೆ ತಳ್ಳಿದ ಪಿಸ್ಟನ್ ಆಗಲೇ ಮುಂದೆ ಬಂದು ಪ್ಯಾಡಿಗೆ ತಾಗುವುದು. ಇದು ಮೂವರಿಗೂ ಗೊತ್ತಿತ್ತು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಪೆಡಲ್ ಒತ್ತೋರು ಲೈನಿನ ಕೊನೇಗೆ ಇರ್ತಾರೆ ಸಾರ್" ಎಂದರು ತಪಾಸಣೆಯವರು. "ನಾವು ಒತ್ತಂಗಿಲ್ಲ."

ಲೈನಿನ ಕೊನೆಯವರು ಯಾರೂ ನಮ್ಮ ಗುಂಪಿನಲ್ಲಿರಲಿಲ್ಲ. ನಾನೇ ಒತ್ತಿದೆ. ಪೆಡಲ್ ಗಟ್ಟಿಯಾಯಿತು. ಬೀದಿಯ ಕೊನೆಯವರೆಗೆ ಹೋಗಿ, ನಿಲ್ಲಿಸಿ, ಮತ್ತೆ ಹೋಗಿ ನಿಲ್ಲಿಸಿ ತೋರಿಸಿದೆ. ಸದ್ದು ಇರಲಿಲ್ಲ. ಅಮ್ಮ ಮಾತ್ರ ಒಪ್ಪಲಿಲ್ಲ.

"ನೀನು ಬೀದೀಲಿ ನಿಲ್ಸದು ನಂಗೆ ಬ್ಯಾಡ" ಎಂದಳು. ಮೂವರ ಕಡೆ ತಿರುಗಿ, "ಬಿಚ್ಚಿದೋರೆಲ್ಲ ನಾಳೆ ನನ್ ಜೊತೆ ಬರ್ರಪ್ಪ. ನೀವು ಕೂತ್ರೆ ನಾನೂ ಕೂತ್ಕತೀನಿ" ಎಂದಳು.

"ನಾಳೆ ಡ್ಯೂಟಿ ಐತಮ್ಮಾ" ಎಂದರು ಎಡದವರು.

"ಹಂಗಾದ್ರೆ ನಿಮ್ ಕೆಲ್ಸದ ಮ್ಯಾಲೆ ನಿಮ್ಗೇ ನಂಬ್ಕೆ ಇಲ್ಲ."

ಮೂವರೂ ಪಕ್ಕಕ್ಕೆ ಹೋದರು. ಸೂಪರ್‌ವೈಸರಿಗೆ ಒಬ್ಬೊಬ್ಬರಾಗಿ ಫೋನು ಮಾಡಿದರು. ಒಬ್ಬರಿಗೆ ಜ್ವರ, ಒಬ್ಬರಿಗೆ ಹೊಟ್ಟೆನೋವು. ತಪಾಸಣೆಯವರು ಮಾತ್ರ ನಾಮಕರಣ ಎಂದರು.

ಸೋಮವಾರ ಬೆಳಗ್ಗೆ ಹೊರಟೆವು. ಅಮ್ಮ ಮುಂದೆ; ಹಿಂದೆ ಎಡದವರು ಎಡಕ್ಕೆ, ಬಲದವರು ಬಲಕ್ಕೆ, ತಪಾಸಣೆಯವರು ನಡುವೆ. ಅಂಚೆಟ್ಟಿ ಇಳಿಜಾರಿನಲ್ಲಿ ಅಮ್ಮ ನಿದ್ದೆ ಹೋದಳು. ಹಿಂದಿನ ಸೀಟಿನ ಮೂವರೂ ಎಚ್ಚರವಾಗಿದ್ದರು. ಪ್ರತಿ ತಿರುವಿನಲ್ಲೂ ಮೂವರ ಬಲಗಾಲು ಒಟ್ಟಿಗೆ ನೆಲ ಒತ್ತುತ್ತಿತ್ತು.