ಆಯುಧಪೂಜೆಯ ಪಿಯಾನೊ

1963ರ ಆಯುಧಪೂಜೆಯ ದಿನ ಮಧ್ಯಾಹ್ನ, ಹರಿಹರದ ಕಾರ್ಖಾನೆ ಕ್ಲಬ್ಬಿನ ಹಾಲ್‌ನಲ್ಲಿ ನೀಲಕ್ಕ ಪಿಯಾನೊದ ಮುಚ್ಚಳ ಎತ್ತಿ ಧೂಳು ಒರೆಸುತ್ತಿದ್ದಳು. ಒಳಗೆ ತಂತಿಗಳ ನಡುವೆ ಬೋಲ್ಟು, ಸ್ಕ್ರೂ, ರಬ್ಬರಿನ ಚೂರುಗಳು ಸಿಕ್ಕಿಕೊಂಡಿದ್ದವು. ಬೆಳಗಿನಿಂದ ಕಾರ್ಖಾನೆಯಲ್ಲಿ ಲೇಥುಗಳ ಸಂದುಗೊಂದಿಯ ಕಸ ತೆಗೆದು ವಿಭೂತಿ ಹಚ್ಚುವುದನ್ನು ಅವಳು ನೋಡಿದ್ದಳು. ಇದೂ ಯಂತ್ರವೇ. ಒಂದೊಂದನ್ನೇ ಕಿತ್ತು ತಟ್ಟೆಗೆ ಹಾಕಿದಳು. ಪಿಯಾನೊಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಸರ ಇಳಿಬಿಟ್ಟಳು.

ದಾವಣಗೆರೆಯಿಂದ ದಿನವೂ ರೈಲಿನಲ್ಲಿ ಬಂದು ಕ್ಲಬ್ಬಿನ ಕಸ ಗುಡಿಸಿ ಹೋಗುವ ನೀಲಕ್ಕನಿಗೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ದೀಪಾವಳಿಯೊಳಗೆ ಮಾಡುವುದಾಗಿ ಕ್ಲಬ್ಬಿನ ಸೆಕ್ರೆಟರಿ ಹೇಳಿದ್ದರು. ಗಂಡ ಹತ್ತಿ ಮಿಲ್ಲಿನ ಕೆಮ್ಮು ಹತ್ತಿಸಿಕೊಂಡು ಮನೆ ಹಿಡಿದ ಮೇಲೆ ಅವಳ ದುಡಿಮೆಯೇ ಆಧಾರ.

ತಟ್ಟೆ ಕಂಡು ಬಟ್ಲರ್ ಮೈಲಪ್ಪ ನಿಂತಲ್ಲೇ ನಿಂತ.

"ಇವನ್ನ ಎಲ್ಲಿಂದ ತಗದಿ?"

"ಪಿಯಾನೊದಾಗ ಇದ್ವು. ಯಾರೋ ಹುಡುಗ್ರು ತುರುಕ್ಯಾರೆ."

"ಯಾವ ಹುಡುಗ್ರೂ ಅಲ್ಲ. ಇಂಜಿನಿಯರ್ ಸಾಹೇಬ್ರ ಮನೆಯೋರು ಬೆಳಗ್ಗಿಂದ ಕುಂತು ಸಿಗಿಸಿದ್ದು. ಬೋಲ್ಟು ಸಿಗಿಸಿದ್ರೆ ತಂತಿ ದನಿನೇ ಬ್ಯಾರೆ ಆಗ್ತೈತಂತೆ, ಸಂಜಿಗೆ ಹಂಗೇ ನುಡಿಸೋದಂತೆ. ಹೊಸಾ ನಮೂನಿ ಸಂಗೀತ."

ನೀಲಕ್ಕ ತಟ್ಟೆ ಕೆಳಗಿಟ್ಟಳು. "ಈಗ ಹೆಂಗೆ, ಮೈಲಣ್ಣ?"

"ಎಲ್ಲಿ ಹಿಡಿತೈತೋ ಅಲ್ಲಿ ಸಿಗಿಸಿ ಸುಮ್ನಿರು. ಬೋಲ್ಟಿನ ರಾಗ ತಪ್ಪಿತು ಅಂತ ಎದ್ದು ಹೇಳೋನು ಈ ಊರಾಗೆ ಯಾವನದಾನೆ?"

ಒಂದು ಬೋಲ್ಟು ಸಿಗಿಸಲು ನೋಡಿದಳು. ಅದು ಜಾರಿ ತಂತಿಗಳ ಕೆಳಗೆ ಬಿತ್ತು. ಹುಡುಕಿ ತೆಗೆದು ತಟ್ಟೆಗೇ ಹಾಕಿ, ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು.

ಇಂಜಿನಿಯರರ ಹೆಂಡತಿ ದಿಲ್ಷಾದ್ ಬೇಗಂ ಬಂದಾಗ ಅತಿಥಿಗಳ ಕಾರುಗಳು ಆಗಲೇ ಗೇಟಿನೊಳಗೆ ಬರುತ್ತಿದ್ದವು.

"ನಾನೇ ತಗದೆ, ಅಮ್ಮಾರೆ. ಕಸ ಅಂದ್ಕಂಡೆ."

ಬೇಗಂ ತಟ್ಟೆ ನೋಡಿದರು, ವಿಭೂತಿ ನೋಡಿದರು. ಬೈಯಲಿಲ್ಲ. ಅದು ನೀಲಕ್ಕನನ್ನು ಇನ್ನಷ್ಟು ಹೆದರಿಸಿತು.

"ಮತ್ತೆ ಹಾಕೋಕೆ ವಕ್ತ್ ಇಲ್ಲ," ಎಂದರು. "ನೀನು ಇಲ್ಲಿ ನಿಲ್ಲು. ನಾನು ತಲೆ ಆಡಿಸಿದಾಗ ಈ ತಂತಿಗಳ ಮೇಲೆ ಅಂಗೈ ಒತ್ತು. ಮತ್ತೆ ಆಡಿಸಿದರೆ ತೆಗಿ."

"ನಾನಾ? ಸೆಕ್ರೆಟರಿ ಸಾಹೇಬ್ರು ಮುಂದ್ಗಡೆನೇ ಕುಂತಿರ್ತಾರ್ರಿ."

"ಕೂತಿರಲಿ. ನೀನು ನನ್ನ ನೋಡು."

ನುಡಿಸಿದ್ದು ಸ್ವಲ್ಪ ಹೊತ್ತು. ಬೇಗಂ ಒಂದು ಕೈಯಲ್ಲಿ ಕೀಲಿಮಣೆ ನುಡಿಸುತ್ತ, ಎದ್ದು ಬಾಗಿ ಇನ್ನೊಂದರಿಂದ ತಂತಿಗಳನ್ನು ಉಗುರಿನಲ್ಲಿ ಮೀಟಿದರು; ಮರದ ಮೈಯನ್ನು ಗೆಣ್ಣಿನಿಂದ ಕುಟ್ಟಿದರು. ನೀಲಕ್ಕನ ಅಂಗೈ ಕೆಳಗೆ ಸ್ವರ ಒದ್ದೆ ಗೋಣಿ ಬಡಿದಂತೆ ಮಂಕಾಗುತ್ತಿತ್ತು. ಕೈ ತೆಗೆದರೆ ಇಡೀ ಹಾಲ್ ಗುಂಯ್‌ಗುಡುತ್ತಿತ್ತು. ಬೆವರಿಗೆ ಅಂಗೈ ಜಾರುತ್ತಿತ್ತು. ಒಮ್ಮೆ ಕಣ್ಣು ಮುಂದಿನ ಸಾಲಿಗೆ ಹೋಯಿತು. ಸೆಕ್ರೆಟರಿ ಅವಳತ್ತ ನೋಡುತ್ತ ಪಕ್ಕದವರ ಕಿವಿಯಲ್ಲಿ ಏನೋ ಕೇಳುತ್ತಿದ್ದರು. ಅಷ್ಟರಲ್ಲಿ ಬೇಗಂ ತಲೆ ಆಡಿಸಿದ್ದು ಅವಳಿಗೆ ಕಾಣಲಿಲ್ಲ. ಕೈ ತಡವಾಗಿ ಎತ್ತಿದಳು.

ಚಪ್ಪಾಳೆ ಬಿತ್ತು. ಕೆಲವರು ನಕ್ಕರು.

"ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದ ಮೈಲಪ್ಪ, ಚಹದ ಕಪ್ಪು ಜೋಡಿಸುತ್ತ.

ಸೋಮವಾರ ಸೆಕ್ರೆಟರಿ ಅವಳನ್ನು ಆಫೀಸಿಗೆ ಕರೆಸಿದರು. ಬೋಲ್ಟು ಕಿತ್ತವಳು ಅವಳೇ ಎಂದು ಅವರಿಗೆ ಗೊತ್ತಾಗಿತ್ತು; ಖಾಯಂ ಮಾಡುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿದರು.